ಅಟ್ಟದ ಕೊಬ್ಬರಿ, ಮನಸ್ಸಿನ ತಕ್ಕಡಿ

(ತಿಪಟೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮನಶ್ಶಾಸ್ತ್ರ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಬೆಂಗಳೂರಿನ ನಿಮ್ಹಾನ್ಸ್. ಕಾಯಿಲೆ, ಮಾತ್ರೆ, ಡಾಕ್ಟರು. ಅದು ಒಂದು ಮಗ್ಗುಲು ಮಾತ್ರ. ಆರೋಗ್ಯವಂತರ ಮನಸ್ಸು ಕೇಳುವುದು, ಕಲಿಯುವುದು, ತೀರ್ಮಾನಿಸುವುದು ಹೇಗೆ ಎಂಬುದೇ ಈ ಶಾಸ್ತ್ರದ ಮೊದಲ ಪಾಠ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಎಂ.ವಿ. ಗೋಪಾಲಸ್ವಾಮಿಯವರು ಇದರ ವಿಭಾಗ ಕಟ್ಟಿದರು. (1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೂ ಇವರೇ.)

ನಾವು ಅಟ್ಟದಿಂದ ಶುರು ಮಾಡೋಣ. ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಅಜ್ಜರೊಬ್ಬರು ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲುಗಿಸಿ ಬೇರ್ಪಡಿಸುತ್ತಿದ್ದರು. ತಿಂಗಳುಗಟ್ಟಲೆ ಅಟ್ಟದಲ್ಲಿದ್ದು, ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡರೆ ಉಂಡೆ ಕೊಬ್ಬರಿ, ನಿಮಗೆ ಹೇಳಬೇಕಿಲ್ಲ. ಒಂದು ಕಾಯಿ ನನ್ನ ಕೈಗಿತ್ತರು. ನನಗೆ ಕೇಳಿಸಿದ್ದು ಬರೀ ಸದ್ದು. "ಇದು ಇನ್ನೊಂದು ತಿಂಗಳು ಇರಬೇಕು ಕಣವ್ವ, ಒಳಗೆ ಹಸಿ ಐತೆ" ಎಂದರು.

ಇಬ್ಬರ ಕಿವಿಗೂ ಬಿದ್ದ ಸದ್ದು ಒಂದೇ. ಹಾಗೆ ಬೀಳುವುದು ಸಂವೇದನೆ. ಬಿದ್ದದ್ದಕ್ಕೆ ಮನಸ್ಸು ಕೊಡುವ ಅರ್ಥ ಗ್ರಹಿಕೆ. ಇವೆರಡರ ನಡುವೆ ಅಜ್ಜರ ಐವತ್ತು ವರ್ಷದ ಕಲಿಕೆ ಇದೆ.

ಇನ್ನೊಂದು ಸಂಗತಿ. ಖಾಲಿ ಕುಕ್ಕೆಗೆ ಒಂದು ಕಾಯಿ ಹಾಕಿದರೆ ಕೈಗೆ ಗೊತ್ತಾಗುತ್ತದೆ. ತುಂಬಿದ ಚೀಲದಲ್ಲಿ ಒಂದು ಹೆಚ್ಚಿದ್ದರೆ ಹೊತ್ತವನ ಬೆನ್ನಿಗೆ ತಿಳಿಯದು. ವ್ಯತ್ಯಾಸ ತಿಳಿಯಬೇಕಾದರೆ ಮೊದಲಿದ್ದ ತೂಕದ ಇಂತಿಷ್ಟು ಪಾಲಾದರೂ ಹೆಚ್ಚಬೇಕೆಂದು ಜರ್ಮನಿಯ ವೆಬರ್ 19ನೆಯ ಶತಮಾನದಲ್ಲಿ ಪ್ರಯೋಗ ಮಾಡಿ ಕಂಡುಕೊಂಡರು. ಮನಸ್ಸಿಗೆ ಹೋಲಿಕೆಯೇ ಅಳತೆ.

ದರದ ವಿಷಯದಲ್ಲೂ ಇದೇ ಕಥೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಇಳಿದಿತ್ತು. 2025ರಲ್ಲಿ 25,000 ದಾಟಿತು. ಅದನ್ನು ಕಂಡವನ ಮನೆಗೆ 20,000ದ ದರ ಬಂದರೆ ಮುಖ ಬಾಡುತ್ತದೆ. 8,000ಕ್ಕೆ ಮಾರಿದ್ದ ನೆನಪು ಆಗ ಬರುವುದಿಲ್ಲ. 25,000ವೇ ತಕ್ಕಡಿಯ ಬಟ್ಟಾಗಿ ಕೂತಿರುತ್ತದೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಹೇಳಿದ್ದೂ ಇದನ್ನೇ: ಲಾಭ ನಷ್ಟಗಳನ್ನು ಮನಸ್ಸು ತಾನೇ ನೆಟ್ಟುಕೊಂಡ ಗೂಟದಿಂದ ಅಳೆಯುತ್ತದೆ, ಬಂದ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟ ಹೆಚ್ಚು ಚುಚ್ಚುತ್ತದೆ. ಕಾನೆಮನ್ನರಿಗೆ 2002ರಲ್ಲಿ ನೊಬೆಲ್ ಬಂತು, ಅದೂ ಅರ್ಥಶಾಸ್ತ್ರಕ್ಕೆ.

ದರ ಕುಸಿಯುವುದು ರೈತನ ಮನಸ್ಸಿನ ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ನಂಬಲೂಬೇಡಿ. ಬೆಂಬಲ ಬೆಲೆಯ ಖರೀದಿಗೆ ಕಾಯುವುದು ಲೆಕ್ಕಾಚಾರವೇ. ಆದರೆ ಕಳೆದ ವರ್ಷದ ದರ ಮರಳಿ ಬರಲೆಂದೇ ಕಾಯುತ್ತಿದ್ದರೆ, ಸಾಲದ ಬಡ್ಡಿ ಕಾಯುವುದಿಲ್ಲ, ಅಟ್ಟದ ಹುಳುವೂ ಕಾಯುವುದಿಲ್ಲ.

ಅಜ್ಜರನ್ನು ಕೇಳಿದೆ: "ನಿಮ್ಮ ಅಟ್ಟ ಖಾಲಿ ಇದ್ದು, ಕೈಯಲ್ಲಿ ದುಡ್ಡಿದ್ದರೆ, ಇವತ್ತಿನ ದರಕ್ಕೆ ಇಷ್ಟೂ ಕೊಬ್ಬರಿ ಕೊಂಡು ಇಡ್ತಿದ್ರಾ ಅಜ್ಜ?"

"ಯಾರು ಕೊಳ್ತಾರವ್ವ!" ಎಂದು ನಕ್ಕರು. ಆಮೇಲೆ ಕೈಯಲ್ಲಿದ್ದ ಕಾಯಿಯನ್ನು ಮತ್ತೊಮ್ಮೆ ಅಲುಗಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು.