ಕೀಲೆಣ್ಣೆ ಮತ್ತು ತಾಡಪತ್ರಿ

ಬಂಡಿ ಹೂಡುವ ಮೊದಲು ನಮ್ಮ ತಾತ ಕಡಾಣಿ ಕಿತ್ತು, ಗಾಲಿಯನ್ನು ಸ್ವಲ್ಪ ಹೊರಗೆ ಸರಿಸಿ, ಇರುಸಿಗೆ ಕೀಲೆಣ್ಣೆ ಕೊಡುತ್ತಿದ್ದ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಎಣ್ಣೆಯ ಗೊಟ್ಟ ಬಂಡಿಯ ಕೆಳಗೇ ತೂಗಾಡುತ್ತಿತ್ತು. ನಾವು ಕೀಲೆಣ್ಣೆ ಎಂದರೆ ಪಕ್ಕದ ಮನೆಯವರು ಕಂದೆನ ಎನ್ನುತ್ತಿದ್ದರು. ಇರುಸು ಮಾತ್ರ ಎರಡು ಮನೆಗೂ ಇರುಸೇ.

ಈಗ ಬಂಡಿಯ ಜಾಗಕ್ಕೆ ಟ್ರಾಕ್ಟರಿನ ಟ್ರಾಲಿ ಬಂದಿದೆ. ಶ್ರಾವಣದಲ್ಲಿ ಅದಕ್ಕೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಹೆಂಡಿರು ಮಕ್ಕಳೊಡನೆ ಉರುಕುಂದ ಈರಣ್ಣನ ದರ್ಶನಕ್ಕೆ ಹೋಗುತ್ತೇವೆ. ಟ್ರಾಲಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ಒಪ್ಪದ ಮಾತು, ಅಪಾಯವೂ ಹೌದು. ಆದರೂ ನಡೆದೇ ಇದೆ. ಹತ್ತಿ ಬಿಡಿಸಿದ ಮೇಲೆ ಅದೇ ಟ್ರಾಲಿಯಲ್ಲಿ ಅಂಡಿಗೆ ಹೇರಿಕೊಂಡು ಆದೋನಿ ಮಾರ್ಕೆಟ್ಟಿಗೆ ನಡೆಯುತ್ತೇವೆ.

ಒಂದು ಕಾರ್ತೀಕದ ರಾತ್ರಿ ಕೌತಾಳಂ ಕಡೆಯಿಂದ ಹೀಗೇ ಹತ್ತಿ ಹೇರಿಕೊಂಡು ಹೊರಟಿದ್ದೆ. ನಡುದಾರಿಯಲ್ಲಿ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಎಡಗಾಲಿ ವಾಲಿದೆ, ಗುಂಬ ಮುಟ್ಟಿದ ಕೈ ಚುರ್ ಎಂದಿತು. ಮೋಡವೂ ಇಳಿಯಿತು. ತಾಡಪತ್ರಿ ಬಿಚ್ಚಿ ಎಳೆದೆವು. ಮಡಿಕೆಯ ಗುಂಟ ಹಳೇ ಕಾಗದದಂತೆ ಹರಿಯಿತು. ಉರುಕುಂದದಿಂದ ಬಂದ ದಿನ ಮಳೆಯಲ್ಲಿ ನೆನೆದದ್ದನ್ನು ಹಾಗೆಯೇ ಮಡಚಿ ಕೊಟ್ಟಿಗೆಯಲ್ಲಿ ಎಸೆದವನು ನಾನೇ. ಬೆಳಿಗ್ಗೆ ಬಂದ ಮೇಸ್ತ್ರಿ ಕೇಳಿದ, "ಯಾವಾಗ ಗ್ರೀಸು ತುಂಬಿಸಿದ್ದಿ ಅಣ್ಣಾ?" "ಹೋದ ವಾರವೇ ಬಳಿದಿದ್ದೆನಲ್ಲಪ್ಪಾ!" ಎಂದೆ. ಗುಂಬ ಬಿಚ್ಚಿ ತೋರಿಸಿದ. ಹೊರಗೆಲ್ಲ ಗ್ರೀಸು, ಒಳಗೆ ಬೇರಿಂಗು ಒಣಗಿ ನೀಲಿಗಟ್ಟಿತ್ತು. ನೆನೆದ ಹತ್ತಿಗೆ ಮಾರ್ಕೆಟ್ಟಿನಲ್ಲಿ ಏನು ದರ ಸಿಕ್ಕೀತು, ನಿಮಗೇ ಗೊತ್ತು.

ಗ್ರೀಸು ಬೇಕಾದದ್ದು ಮುಚ್ಚಿದ ಜಾಗದಲ್ಲಿ ತಿರುಗುವ ಭಾಗಕ್ಕೆ. ಬಯಲಲ್ಲಿ ಬಳಿದರೆ ನಮ್ಮ ಎರೆಮಣ್ಣಿನ ಧೂಳು ಅದರಲ್ಲಿ ಕೂತು ಸಾಣೆಕಲ್ಲಿನಂತೆ ಕಬ್ಬಿಣವನ್ನೇ ತಿನ್ನುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಹತ್ತಿ ಬಿಡಿಸುವ ಮೊದಲು, ಗಾಲಿ ಎತ್ತಿಸಿ ಗುಂಬ ಬಿಚ್ಚಿಸಿರಿ. ಹಳ್ಳದ ನೀರಿನಲ್ಲಿ ಗುಂಬ ಮುಳುಗಿದ್ದರೆ ಆಗಲೇ ಬಿಚ್ಚಿಸಬೇಕು. ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಪೂರ್ತಿ ಒಣಗಿಸಿ, ಉರುಳೆಗಳ ಸಂದಿಗೆಲ್ಲ ಹೊಸ ಗ್ರೀಸು ತುಂಬಬೇಕು. ಹಳೆಯದರ ಮೇಲೆ ಬೇರೆ ಜಾತಿಯ ಗ್ರೀಸು ಬೆರೆಸಬೇಡಿ. ಗಾಲಿ ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ತುಸು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ನು ಹಾಕುವುದು ಮೇಸ್ತ್ರಿಯ ಕೈಚಳಕ. ಹತ್ತಿರ ನಿಂತು ನೋಡಿಕೊಳ್ಳಿ. ಹೊರಟ ಮೇಲೆ ಎರಡು ಮೂರು ಮೈಲಿಗೆ ಒಮ್ಮೆ ಇಳಿದು ಎರಡೂ ಗುಂಬದ ಹತ್ತಿರ ಕೈ ಹಿಡಿದು ನೋಡಿರಿ. ಒಂದು ಬೆಚ್ಚಗೆ, ಇನ್ನೊಂದು ಸುಡುತ್ತಿದ್ದರೆ ಮುಂದೆ ಹೋಗಬೇಡಿ.

ಎತ್ತುವ ಟ್ರಾಲಿ ಇದ್ದವರಿಗೆ ಒಂದು ಮಾತು, ಇದನ್ನು ಮಕ್ಕಳಿಗೂ ಹೇಳಿರಿ. ಕೀಲಿಗೆ ಗ್ರೀಸು ಹೊಡೆಯಲು ಟ್ರಾಲಿ ಎತ್ತಿ ಕೆಳಗೆ ನುಸುಳುವವರಿದ್ದಾರೆ. ಪೈಪು ಒಡೆದರೆ, ಯಾರಾದರೂ ಲಿವರ್ ಮುಟ್ಟಿದರೆ, ಅದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕುಸಿಯುತ್ತದೆ. ಟ್ರಾಲಿ ಖಾಲಿ ಇರಬೇಕು. ಗಟ್ಟಿ ಊರೆ ಕೊಡದೆ ತಲೆ ಒಡ್ಡಲೇಬೇಡಿ. ಜಾಕಿನ ಹೊಳೆಯುವ ದಂಡಕ್ಕೆ ಗ್ರೀಸು ಬೇಡ, ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಅಮೆರಿಕದಲ್ಲಿ ಮನೆಯನ್ನೇ ಗಾಲಿಯ ಮೇಲಿಟ್ಟುಕೊಂಡು ತಿರುಗುವವರಿದ್ದಾರೆ. ನಿಂತ ಕಡೆ ಗುಂಡಿ ಒತ್ತಿದರೆ ಕೋಣೆಯೊಂದು ಮೇಜಿನ ಡ್ರಾಯರಿನಂತೆ ಹೊರಗೆ ಸರಿಯುತ್ತದೆ, ಬದಿಯಲ್ಲಿ ಬಟ್ಟೆಯ ಚಪ್ಪರ ಬಿಚ್ಚಿಕೊಳ್ಳುತ್ತದೆ. ಅಲ್ಲಿಯೂ ಬಯಲಲ್ಲಿ ಸರಿಯುವ ಪಟ್ಟಿಗೆ ಧೂಳು ಹಿಡಿಯದ ಒಣ ಲೇಪವನ್ನೇ ಸಿಂಪಡಿಸುತ್ತಾರೆ. ಚಪ್ಪರವನ್ನು ಹಸಿಯಾಗಿ ಸುತ್ತಿಡುವುದಿಲ್ಲ, ಮಳೆ ಬಂದರೆ ಒಂದು ಮೂಲೆ ತಗ್ಗಿಸಿ ನೀರು ಹರಿಯಬಿಡುತ್ತಾರೆ. ನಮ್ಮ ಕಮಾನಿಗೂ ಅದೇ ಉಪಾಯ ಸಲ್ಲುತ್ತದೆ. ನಡುವೆ ನೀರು ನಿಂತರೆ ಆ ಭಾರಕ್ಕೇ ಹೊದಿಕೆ ಹರಿದೀತು.

ದಪ್ಪ ನೂಲಿನ ತಾಡಪತ್ರಿ ಹಸಿ ಇದ್ದಾಗ ಮಡಚಿದರೆ ಬೂಷ್ಟು ಹಿಡಿದು ನೂಲು ಕೊಳೆಯುತ್ತದೆ. ಪ್ಲಾಸ್ಟಿಕ್ಕಿನದು ಕೊಳೆಯುವುದಿಲ್ಲ, ಬಿಸಿಲಿಗೆ ಪುಡಿಯಾಗುತ್ತದೆ; ಕೆಲಸವಿಲ್ಲದಾಗ ನೆರಳಲ್ಲಿಡಿ. ಮಣ್ಣನ್ನು ಬರೀ ನೀರಿನಿಂದ ತೊಳೆಯಿರಿ. ಪ್ರತಿಸಲ ಮಡಿಕೆಯ ಜಾಗ ಬದಲಿಸಿ, ಇಲಿ ಸೇರದಂತೆ ಎತ್ತರದಲ್ಲಿ ತೂಗುಹಾಕಿ. ಟ್ರಾಲಿಯ ಮೂಲೆಗಳು ಚೂಪಾಗಿದ್ದರೆ ಹಳೇ ಟ್ಯೂಬಿನ ತುಂಡು ಸುತ್ತಿ ಕಟ್ಟಿರಿ. ಪಂಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ.