ಕಾರಣ ಹೇಳಬೇಕಾದ ಅಧಿಕಾರ



ಕಾನೂನು ಮತ್ತು ಸಾರ್ವಜನಿಕ ಆಡಳಿತದಲ್ಲಿ ಪದವಿ ಪಡೆಯುತ್ತಿರುವವರು ಅಮೆರಿಕದ ಸಂವಿಧಾನವನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಚೌಕಟ್ಟಿನಲ್ಲಿ ಓದಿರುತ್ತಾರೆ. ಆದರೆ ಔಷಧದ ಪರವಾನಗಿಯಿಂದ ಹಿಡಿದು ವೀಸಾದವರೆಗೆ ಅಲ್ಲಿನ ಜನರ ನಿತ್ಯದ ಬದುಕನ್ನು ಮುಟ್ಟುವ ಬಹುಪಾಲು ನಿರ್ಧಾರಗಳು ಆಗುವುದು ಒಕ್ಕೂಟ ಸರ್ಕಾರದ ಇಲಾಖೆಗಳು ಮತ್ತು ನಿಯಂತ್ರಣ ಸಂಸ್ಥೆಗಳಲ್ಲಿ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಕಾಯಿದೆಯ ಸ್ಥೂಲ ರೂಪವನ್ನಷ್ಟೇ ನಿಗದಿಪಡಿಸಿ ವಿವರಗಳನ್ನು ಇವುಗಳಿಗೆ ಬಿಡುತ್ತದೆ, ಇವು ರೂಪಿಸುವ ನಿಯಮಗಳಿಗೆ ಕಾಯಿದೆಯ ಬಲವೇ ಇರುತ್ತದೆ. ಜನರಿಂದ ಆಯ್ಕೆಯಾಗದ ಅಧಿಕಾರಿಗಳ ಕೈಗೆ ಇಷ್ಟು ಅಧಿಕಾರ ಬಂದಾಗ ಅದನ್ನು ಹಿಡಿತದಲ್ಲಿಡುವ ಬಗೆ ಹೇಗೆ ಎಂಬ ಪ್ರಶ್ನೆಗೆ ಆ ದೇಶ ಕಂಡುಕೊಂಡ ಉತ್ತರಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಅಧಿಕಾರ ಚಲಾಯಿಸುವವರು ಕಾರಣವನ್ನು ಬರೆದು ಪ್ರಕಟಿಸಬೇಕು, ನ್ಯಾಯಾಲಯ ಆ ಬರಹವನ್ನೇ ಒರೆಗೆ ಹಚ್ಚಬೇಕು ಎಂಬ ವ್ಯವಸ್ಥೆ.

ಈ ವ್ಯವಸ್ಥೆ ಒಂದು ದೊಡ್ಡ ಎಡವಟ್ಟಿನ ಬೆನ್ನಿಗೇ ಮೈದಳೆಯತೊಡಗಿತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ಪೆಟ್ರೋಲಿಯಂ ಉತ್ಪಾದನೆಗೆ ಮಿತಿ ಹಾಕುವ ಸಂಹಿತೆಯೊಂದನ್ನು ಜಾರಿಗೆ ತಂದಿತು. ಪೂರ್ವ ಟೆಕ್ಸಾಸಿನ ತೈಲ ಉತ್ಪಾದಕರು ಅದನ್ನು ಪ್ರಶ್ನಿಸಿದ ವ್ಯಾಜ್ಯ ಕೆಳ ನ್ಯಾಯಾಲಯಗಳನ್ನು ದಾಟಿ ಸುಪ್ರೀಂ ಕೋರ್ಟಿಗೆ ಬಂದಾಗ ಸರ್ಕಾರವೇ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಯಿತು: ಮಿತಿ ಮೀರುವುದನ್ನು ಉಲ್ಲಂಘನೆಯೆಂದು ಸಾರುತ್ತಿದ್ದ ಪರಿಚ್ಛೇದವು 1933ರ ಸೆಪ್ಟೆಂಬರಿನ ತಿದ್ದುಪಡಿ ಆದೇಶದಲ್ಲಿ ಕಣ್ತಪ್ಪಿ ಬಿಟ್ಟುಹೋಗಿತ್ತು. ಇಲ್ಲದ ನಿಯಮವನ್ನು ಇದೆಯೆಂದೇ ನಂಬಿ ಸರ್ಕಾರ ಜಾರಿ ಮಾಡುತ್ತಿತ್ತು, ಜನರು ಅದನ್ನೇ ವಿರೋಧಿಸುತ್ತಿದ್ದರು. ಆದೇಶಗಳೆಲ್ಲ ಒಂದೆಡೆ ಅಚ್ಚಾಗಿ ಸಿಗುವ ಏರ್ಪಾಡು ಇರಲಿಲ್ಲವಾದ್ದರಿಂದ ಇದು ಯಾರ ಗಮನಕ್ಕೂ ಬಂದಿರಲಿಲ್ಲ. 1935ರಲ್ಲಿ ಕಾಂಗ್ರೆಸ್ಸು ಫೆಡರಲ್ ರಿಜಿಸ್ಟರ್ ಎಂಬ ದೈನಿಕ ರಾಜಪತ್ರಕ್ಕೆ ಕಾಯಿದೆ ಮಾಡಿತು, 1936ರ ಮಾರ್ಚಿನಲ್ಲಿ ಅದರ ಮೊದಲ ಸಂಚಿಕೆ ಹೊರಬಂತು.

ಪ್ರಕಟಣೆಯ ಜೊತೆಗೆ ಸಮಾಲೋಚನೆಯನ್ನು ಕಡ್ಡಾಯಗೊಳಿಸಿದ್ದು 1946ರ ಆಡಳಿತ ಕಾರ್ಯವಿಧಾನ ಕಾಯಿದೆ. ಅದರಂತೆ ಇಲಾಖೆ ಸಾಮಾನ್ಯವಾಗಿ ನಿಯಮದ ಕರಡನ್ನು ರಿಜಿಸ್ಟರಿನಲ್ಲಿ ಪ್ರಕಟಿಸಿ, ಯಾರು ಬೇಕಾದರೂ ಆಕ್ಷೇಪಣೆ ಬರೆಯಲು ಅವಕಾಶ ಕೊಟ್ಟು, ಮಹತ್ವದ ಆಕ್ಷೇಪಣೆಗಳಿಗೆ ಉತ್ತರದೊಡನೆ ಅಂತಿಮ ನಿಯಮವನ್ನು ಹೊರಡಿಸಬೇಕು. ಹಾಗೆ ಹೊರಡಿಸಿದ್ದರಿಂದ ಬಾಧಿತರಾದವರು ನ್ಯಾಯಾಲಯಕ್ಕೆ ಹೋಗಬಹುದು. ಒಕ್ಕೂಟದ ನ್ಯಾಯಾಲಯಗಳಲ್ಲಿ 94 ಜಿಲ್ಲಾ ನ್ಯಾಯಾಲಯಗಳು, ಅವುಗಳ ಮೇಲೆ 13 ಮೇಲ್ಮನವಿ ನ್ಯಾಯಾಲಯಗಳು, ತುದಿಯಲ್ಲಿ 9 ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟು ಇವೆ. ಈ ನ್ಯಾಯಾಧೀಶರನ್ನು ಅಧ್ಯಕ್ಷರು ಸೆನೆಟ್ಟಿನ ಒಪ್ಪಿಗೆ ಪಡೆದು ನೇಮಿಸುತ್ತಾರೆ, ಅವರಿಗೆ ನಿವೃತ್ತಿ ವಯಸ್ಸೆಂಬುದಿಲ್ಲ. ಇಲಾಖೆಯ ಕ್ರಮ ವಿವೇಚನೆಯಿಲ್ಲದ್ದೋ ಮನಸೋಇಚ್ಛೆಯದ್ದೋ ಆಗಿದ್ದರೆ ಅವರು ಅದನ್ನು ರದ್ದುಮಾಡಬಲ್ಲರು.

ಇಲ್ಲಿ ಇಡೀ ವ್ಯವಸ್ಥೆಯ ಜೀವಾಳವೆನ್ನಬಹುದಾದ ಇನ್ನೊಂದು ತತ್ತ್ವವಿದೆ. ಚೆನರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1943ರಲ್ಲಿ ಹೇಳಿದಂತೆ, ಇಲಾಖೆಯ ತೀರ್ಮಾನ ಉಳಿಯುವುದಾದರೆ ಅದು ತೀರ್ಮಾನದ ಹೊತ್ತಿನಲ್ಲಿ ಇಲಾಖೆಯೇ ಕೊಟ್ಟ ಕಾರಣದ ಮೇಲೆ ಉಳಿಯಬೇಕೇ ಹೊರತು ಸರ್ಕಾರಿ ವಕೀಲರು ಆಮೇಲೆ ಹೊಸೆದ ಸಮರ್ಥನೆಯ ಮೇಲಲ್ಲ. ಈ ತತ್ತ್ವದ ಹಿಂದಿರುವ ಕಾಳಜಿ ಎಷ್ಟು ದೂರ ಹೋಗಬಲ್ಲದು ಎಂಬುದು 2019ರಲ್ಲಿ ತಿಳಿಯಿತು. ವಾಣಿಜ್ಯ ಸಚಿವ ವಿಲ್ಬರ್ ರಾಸ್ 2020ರ ಜನಗಣತಿಯಲ್ಲಿ ಪೌರತ್ವದ ಪ್ರಶ್ನೆ ಸೇರಿಸಲು ಮುಂದಾಗಿ, ಮತದಾನ ಹಕ್ಕುಗಳ ಕಾಯಿದೆಯ ಜಾರಿಗಾಗಿ ನ್ಯಾಯ ಇಲಾಖೆಯೇ ಇದನ್ನು ಕೇಳಿದೆ ಎಂದು ಕಾರಣ ಕೊಟ್ಟಿದ್ದರು. ಆದರೆ ಪ್ರಶ್ನೆ ಸೇರಿಸುವ ಮನಸ್ಸು ಸಚಿವರಿಗೆ ಬಹಳ ಮೊದಲೇ ಇತ್ತೆಂದೂ, ಅದಕ್ಕೊಂದು ಕೋರಿಕೆಪತ್ರ ದೊರಕಿಸಿಕೊಳ್ಳಲು ಅವರ ಸಿಬ್ಬಂದಿ ಬೇರೆ ಇಲಾಖೆಗಳ ಬಾಗಿಲು ತಟ್ಟಿದ್ದರೆಂದೂ ಕಡತವೇ ತೋರಿಸುತ್ತಿತ್ತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪು, ಇಂಥ ಪ್ರಶ್ನೆ ಕೇಳುವ ಅಧಿಕಾರ ಸಚಿವರಿಗೆ ಇದೆಯೆಂದು ಒಪ್ಪಿಕೊಂಡೂ, ಕೊಟ್ಟ ಕಾರಣ ನಿಜವಾದದ್ದಲ್ಲ ಎಂಬ ಒಂದೇ ನೆಲೆಯಲ್ಲಿ ವಿಷಯವನ್ನು ಹಿಂದಕ್ಕೆ ಕಳಿಸಿತು; ಜನಗಣತಿ ಆ ಪ್ರಶ್ನೆಯಿಲ್ಲದೆ ನಡೆಯಿತು. ತನ್ನನ್ನು ನೇಮಿಸಿದ ಪಕ್ಷದ ಸರ್ಕಾರಕ್ಕೇ ನ್ಯಾಯಮೂರ್ತಿಯೊಬ್ಬರು ಹೀಗೆ ಹೇಳಬಲ್ಲರೆಂಬುದು ಸಣ್ಣ ಮಾತಲ್ಲ.

ಕಾಯಿದೆಯ ಮಾತು ಅಸ್ಪಷ್ಟವಾಗಿದ್ದಾಗ ಅದರ ಅರ್ಥವನ್ನು ಯಾರು ಹೇಳಬೇಕು ಎಂಬುದು ಬೇರೆಯೇ ಜಗಳ. 1984ರ ಶೆವ್ರಾನ್ ತೀರ್ಪು ಇಲಾಖೆಯ ಸಮಂಜಸ ವ್ಯಾಖ್ಯಾನಕ್ಕೆ ನ್ಯಾಯಾಲಯಗಳು ಮಣಿಯಬೇಕೆಂದಿತ್ತು. ಹೆರಿಂಗ್ ಮೀನುಗಾರರು ತಮ್ಮ ದೋಣಿಯಲ್ಲಿ ಕೂರುವ ಸರ್ಕಾರಿ ವೀಕ್ಷಕರ ಸಂಬಳವನ್ನು ತಾವೇ ಏಕೆ ತೆರಬೇಕೆಂದು ಕೇಳಿದ ಲೋಪರ್ ಬ್ರೈಟ್ ಮೊಕದ್ದಮೆಯಲ್ಲಿ, 2024ರ ಜೂನಿನಲ್ಲಿ, ಸುಪ್ರೀಂ ಕೋರ್ಟು ಆ ತತ್ತ್ವವನ್ನು ಕೈಬಿಟ್ಟಿತು. ಪರಿಣತರ ವಿವೇಚನೆಯ ಜಾಗದಲ್ಲಿ ನ್ಯಾಯಾಧೀಶರ ವಿವೇಚನೆ ಬಂದು ಕೂರುವುದರಲ್ಲಿ ಅಪಾಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಇದರ ಪರಿಣಾಮ ಅಲ್ಲಿ ನೆಲೆಸಿದ ಕನ್ನಡಿಗರ ಮನೆಗೂ ತಟ್ಟುವಂಥದು: ಕಾಯಂ ವಾಸದ ಅನುಮತಿಗೆ ಕಾದಿರುವ ಎಚ್-1ಬಿ ವೀಸಾದಾರರ ಪತಿ ಅಥವಾ ಪತ್ನಿಗೆ ಉದ್ಯೋಗದ ಅವಕಾಶ ಕೊಟ್ಟದ್ದು 2015ರ ಇಲಾಖಾ ನಿಯಮವೇ ಹೊರತು ನೇರವಾಗಿ ಕಾಂಗ್ರೆಸ್ಸಿನ ಕಾಯಿದೆಯಲ್ಲ. ಆದರೂ ಲೋಪರ್ ಬ್ರೈಟ್ ಬಂದ ಕೆಲವೇ ವಾರಗಳಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು.

ಚೆನರಿ ತತ್ತ್ವಕ್ಕೆ ಭಾರತದಲ್ಲೂ ಜೊತೆಗಾರನಿದೆ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆದೇಶದಲ್ಲಿ ಇಲ್ಲದ ಕಾರಣವನ್ನು ಪ್ರಮಾಣಪತ್ರದ ಮೂಲಕ ಆಮೇಲೆ ತುಂಬಲಾಗದು ಎಂದು ಸಾರಿದ್ದು ಇಂದಿಗೂ ಹೈಕೋರ್ಟುಗಳ ರಿಟ್ ವಾದಗಳಲ್ಲಿ ಉಲ್ಲೇಖಗೊಳ್ಳುತ್ತದೆ. ಆದರೆ ಕರಡನ್ನು ಮೊದಲೇ ಪ್ರಕಟಿಸಬೇಕೆಂಬ ಸಾಮಾನ್ಯ ಕಾಯಿದೆ ಇಲ್ಲಿಲ್ಲ; 1897ರ ಸಾಮಾನ್ಯ ಖಂಡಗಳ ಕಾಯಿದೆ ಅದಕ್ಕೆ ಕ್ರಮ ಹೇಳುವುದು ಮೂಲ ಕಾಯಿದೆ ಹಾಗೆ ಕೇಳಿದಾಗ ಮಾತ್ರ. ಕನಿಷ್ಠ 30 ದಿನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು ಕೇಂದ್ರ ಸರ್ಕಾರ 2014ರಲ್ಲಿ ರೂಪಿಸಿದ್ದು ನೀತಿಯಷ್ಟೇ ಆಗಿರುವುದರಿಂದ, ಅದನ್ನು ಬದಿಗೊತ್ತಿದ ಇಲಾಖೆಯ ಎದುರು ನಿಲ್ಲುವ ನಾಗರಿಕನಿಗೆ 1946ರ ಆ ಕಾಯಿದೆಯಂಥ ಆಸರೆ ಇನ್ನೂ ಸಿಕ್ಕಿಲ್ಲ.