ಅತ್ತಲೋ ಇತ್ತಲೋ: ಫೋಟೋ ಚಿತ್ರವಾಗುವ ಬಗೆ

ಫೋಟೋವನ್ನು ತೈಲವರ್ಣದ ಚಿತ್ರದಂತೆ ಮಾಡಿಕೊಡುವ ಆ್ಯಪ್ ನಿಮ್ಮಲ್ಲಿ ಹಲವರ ಫೋನಿನಲ್ಲಿ ಇದ್ದೀತು. ಇಂಥ ಕೆಲಸಕ್ಕೆ ಈಗಲೂ ಒದಗುವ ಒಂದು ಉಪಾಯ ಹುಟ್ಟಿದ್ದು ಹೃದಯದ ಚಿತ್ರಗಳ ಸಲುವಾಗಿ. 1976ರಲ್ಲಿ ಜಪಾನಿನ ಮಿಚಿಯೋಶಿ ಕುವಹರ ಮತ್ತು ಸಂಗಡಿಗರಿಗೆ ಆ ಚಿತ್ರಗಳ ಕಾಳುಕಾಳು ಕಲೆ ಹೋಗಬೇಕಿತ್ತು, ಅಂಚು ಮಾತ್ರ ಉಳಿಯಬೇಕಿತ್ತು.

ಕೆನ್ನೆಯ ಬೆಳಕು 200, ಕೂದಲಿನದು 40 ಅಂತಿಟ್ಟುಕೊಳ್ಳಿ. ಎರಡೂ ಕೂಡುವ ಕಡೆ ಸುತ್ತಲಿನ ಪಿಕ್ಸೆಲ್‌ಗಳ ಸರಾಸರಿ ತೆಗೆದರೆ 120ರ ಆಸುಪಾಸು ಬರುತ್ತದೆ. ಅದು ಕೆನ್ನೆಯೂ ಅಲ್ಲ, ಕೂದಲೂ ಅಲ್ಲ, ಅಂಚು ಮಸುಕಾಯಿತು. ಕುವಹರ ವಿಧಾನದಲ್ಲಿ ಪಿಕ್ಸೆಲ್ಲನ್ನು ನಡುವೆ ಇಟ್ಟು ಐದಕ್ಕೆ ಐದರ ಮನೆ ಹಾಕಬೇಕು. ಅದರೊಳಗೆ ಮೂರಕ್ಕೆ ಮೂರರ ನಾಲ್ಕು ಚೌಕ. ನಾಲ್ಕರ ಮೂಲೆಯಲ್ಲೂ ನಮ್ಮ ಪಿಕ್ಸೆಲ್ ಇರುತ್ತದೆ. ಯಾವ ಚೌಕದಲ್ಲಿ ಏರುಪೇರು ಎಲ್ಲಕ್ಕಿಂತ ಕಡಿಮೆಯೋ ಅದರ ಸರಾಸರಿಗೆ ಮಾತ್ರ ಮಾನ್ಯತೆ. ಕೆನ್ನೆ, ಕೂದಲು ಬೆರೆತ ಚೌಕಗಳು ಸೋಲುತ್ತವೆ. ಪಿಕ್ಸೆಲ್ ಅತ್ತ ಸೇರುತ್ತದೆ, ಇಲ್ಲವೇ ಇತ್ತ.

ಚೌಕ ದೊಡ್ಡದು ಮಾಡುತ್ತ ಹೋಗಿ: ಸಣ್ಣಪುಟ್ಟ ವಿವರ ಉದುರಿ, ಖಚಿತ ಅಂಚಿನ ಬಣ್ಣದ ಪಟ್ಟೆಗಳು ಉಳಿಯುತ್ತವೆ, ಬಣ್ಣ ಬಳಿದ ಹಾಗೆ. ಆದರೆ ಚೌಕದ ಗುರುತು ಅಲ್ಲಲ್ಲಿ ಇಣುಕುತ್ತಿತ್ತು. 2009ರಲ್ಲಿ ಕಿಪ್ರಿಯಾನಿಡಿಸ್, ಕಾಂಗ್, ಡಾಲ್ನರ್ ಚೌಕವನ್ನೇ ಬಿಟ್ಟು, ಚಿತ್ರದ ಓಟಕ್ಕೆ ತಕ್ಕಂತೆ ಉದ್ದವಾಗುವ ದೀರ್ಘವೃತ್ತ ತಂದರು. ಜಡೆ ಹೇಗೆ ಇಳಿದಿದೆಯೋ ಬಣ್ಣವೂ ಹಾಗೆ ಇಳಿಯಿತು.

ನನಗೆ ಹೆಚ್ಚು ಇಷ್ಟ ಮಾತ್ರ ಪಾಲ್ ಹೇಬರ್ಲಿ 1990ರಲ್ಲಿ ತೋರಿಸಿದ ದಾರಿ. ಅಲ್ಲಿ ಮೌಸ್ ಆಡಿಸುವುದು ಮನುಷ್ಯ. ಆಯಾ ಜಾಗದ ಬಣ್ಣ ಹೆಕ್ಕಿಕೊಡುವುದಷ್ಟೇ ಯಂತ್ರದ ಪಾಲು. ಕಣ್ಣಿಗೆ ಸಣ್ಣ ಕುಂಚ, ಗೋಡೆಗೆ ದಪ್ಪ ಕುಂಚ ಅನ್ನುವ ವಿವೇಕ ಕೈಯಲ್ಲೇ ಉಳಿಯಿತು.

ಚಲಿಸುವ ಚಿತ್ರದಲ್ಲಿ ಬೇರೆಯೇ ಪೇಚು. ಕುಂಚದ ಗುರುತು ಪರದೆಗೆ ಅಂಟಿಕೊಂಡರೆ, ಉಬ್ಬುತಗ್ಗಿನ ಗಾಜಿನ ಆಚೆ ಜನ ಓಡಾಡಿದಂತೆ ಕಾಣುತ್ತದೆ. ಬಾರ್ಬರಾ ಮೇಯರ್ 1996ರಲ್ಲಿ ಆ ಗುರುತುಗಳನ್ನು ವಸ್ತುವಿನ ಮೈಗೇ ಅಂಟಿಸಿದರು.

ಇದೆಲ್ಲ ಬರೀ ಅಂದಕ್ಕಲ್ಲ. 2000ದಲ್ಲಿ ಎಬರ್ಟ್ ಮತ್ತು ರೈನ್‌ಗನ್ಸ್, ಸ್ಕ್ಯಾನಿನಂಥ ಮೂರು ಆಯಾಮದ ದತ್ತಾಂಶದಲ್ಲಿ ಅಂಗಗಳ ಹೊರರೇಖೆ ಎದ್ದು ಕಾಣುವಂತೆ ಮಾಡಿ, ಅಂಗರಚನೆಯ ಪುಸ್ತಕದ ಚಿತ್ರದಂತೆ ತೋರಿಸಿದರು. ಪಾಠಕ್ಕೆ, ರೋಗಿಗೆ ವಿವರಿಸುವುದಕ್ಕೆ ಇದು ಬಲು ಅನುಕೂಲ. ರೋಗ ಪತ್ತೆಗೆ ಮಾತ್ರ ಮೂಲ ಸ್ಕ್ಯಾನ್ ಪಕ್ಕದಲ್ಲಿರಲೇಬೇಕು. ಅಲ್ಲಿನ ಸಣ್ಣದೊಂದು ಚುಕ್ಕಿಯನ್ನು ಫಿಲ್ಟರ್ ಕಸವೆಂದೇ ಒರೆಸಿಬಿಟ್ಟಿರಬಹುದು.